ನೋಡದೇ ಬಿಟ್ಟ ಎಡಗಿವಿ

"ಕಚ್ಚಲ್ಲ ಅಂದ್ರಲ್ಲ!"

ನಾಯಿಡಾಕ್ಟರಮ್ಮ ಕೈ ಹಿಂದಕ್ಕೆಳೆದುಕೊಂಡಳು. ಮೇಜಿನ ಮೇಲೆ ಕರಿನಾಯಿ ಗುರ್ ಎಂದಿತು. ಅದನ್ನು ತಬ್ಬಿ ಹಿಡಿದಿದ್ದ ಬಡಗಿಯ ತೋಳಿಗೆಲ್ಲ ಮರದ ಹೊಟ್ಟು.

"ನನ್ನನ್ನ ಕಚ್ಚಲ್ಲ ಅಂದೆ, ಡಾಕ್ಟ್ರೇ..."

ಅವಳಿಗೆ ನಗು ಬಂತು. ಆ ನಗುವಿನಲ್ಲೇ ಎಡವಟ್ಟಾಯಿತು. ಬಲಗಿವಿಯ ಕೀವನ್ನು ಲ್ಯಾಬ್ ಪರೀಕ್ಷೆಗೆಂದು ಹತ್ತಿಕಡ್ಡಿಯಲ್ಲಿ ತೆಗೆದಳು. ಎಡಗಿವಿ ಮುಟ್ಟಲು ನಾಯಿ ಬಿಡಲಿಲ್ಲ. 'ಎರಡೂ ಒಂದೇ ಇರುತ್ತೆ ಬಿಡು' ಎಂದುಕೊಂಡವಳು, ಲ್ಯಾಬ್ ಹೇಳಿದ ಬ್ಯಾಕ್ಟೀರಿಯಾಕ್ಕೆ ತಕ್ಕ ಹನಿಮದ್ದನ್ನು ಎರಡೂ ಕಿವಿಗೆ ಕೊಟ್ಟಳು.

ಬಲಗಿವಿ ವಾಸಿಯಾಯಿತು. ಬಡಗಿ ತಪಾಸಣೆಗೆ ಬಂದ, ತಪಾಸಣೆ ಇಲ್ಲದ ದಿನವೂ ಬಂದ. ಪ್ರೀತಿಗೆ ನೆಪ ಬೇಕಲ್ಲ! ಅವನು ಎಣ್ಣೆ ಹಾಕಿ ಹಾಕಿ, ಆಸ್ಪತ್ರೆಯಲ್ಲಿ ಕಿರುಗುಟ್ಟುವ ಬಾಗಿಲೇ ಉಳಿಯಲಿಲ್ಲ.

ಎಡಗಿವಿ ಮಾತ್ರ ನಾರುತ್ತಲೇ ಇತ್ತು. ಕೊನೆಗೆ ಮಂಪರಿನ ಮದ್ದು ಕೊಟ್ಟು ಅಲ್ಲಿಯ ಕೀವನ್ನೂ ಪರೀಕ್ಷಿಸಿದಾಗ ಸಿಕ್ಕಿದ್ದು ಬೇರೆಯೇ ಬ್ಯಾಕ್ಟೀರಿಯಾ, ಸೂಡೊಮೊನಾಸ್. ಆ ಹನಿಗೆ ಜಗ್ಗದ ಜಾತಿ. ಅಷ್ಟರಲ್ಲಿ ಕಿವಿತಮಟೆ ಹರಿದು ಸೋಂಕು ಒಳಕಿವಿಗೆ ಇಳಿದಿತ್ತು. ಆ ಕಿವಿ ಇನ್ನು ಕೇಳದು.

"ತಪ್ಪು ನಂದೇ," ಬಡಗಿ ನಾಯಿಯ ತಲೆ ಸವರಿದ. "ಕೆರೆಗೆ ಬಿಡ್ತಿದ್ದೆ, ಈಜೋಕೆ..."

ಅಲ್ಲ ಅನ್ನು... ಈಗಲೇ ಹೇಳು! ಅವಳ ಮನಸ್ಸು ಕೂಗಿತು. ಆದರೆ ಅವಳು ಹೊಸ ಮದ್ದಿನ ಚೀಟಿಯನ್ನಷ್ಟೇ ಬರೆದುಕೊಟ್ಟಳು. ಹೇಳಿದರೆ ಇವನು ಮತ್ತೆ ಬರುವುದುಂಟೆ?

ಅಂದಿನಿಂದ ಯಾರು 'ಕಿವಿ' ಎಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವಳು.

ತಡೆಯಲಾರದೆ ಒಂದು ಸಂಜೆ ಅವನ ಮರಗೆಲಸದ ಅಂಗಡಿಗೇ ಹೋದಳು.

"ಕೆರೆಯಿಂದ ಆಗಿದ್ದಲ್ಲ. ನನ್ನಿಂದ. ಎಡಗಿವಿ ಪರೀಕ್ಷೆ ಮಾಡ್ಲೇ ಇಲ್ಲ ನಾನು..."

ಉಳಿ ಅವನ ಕೈಯಲ್ಲಿ ನಿಂತಿತು. "ಇಷ್ಟು ದಿನ ನಾನು ಕೊರಗೋದನ್ನ ನೋಡ್ತಾ ಸುಮ್ನಿದ್ರಾ?"

"ಹೂಂ... ನೀವು ಬರೋದು ನಿಂತುಹೋಗುತ್ತೆ ಅಂತ ಭಯ."

"ಹೋಗಿ," ಎಂದ.

ಹೋದಳು. ಅವನು ಬರಲಿಲ್ಲ. ಬಾಗಿಲು ಮತ್ತೆ ಕಿರುಗುಟ್ಟತೊಡಗಿತು. ಈಗ ಯಾವ ನಾಯಿ ಎಷ್ಟೇ ಗುರುಗುಟ್ಟಲಿ, ಎಡಕ್ಕೊಂದು ಬಲಕ್ಕೊಂದು ಹತ್ತಿಕಡ್ಡಿ ಆಡಿಸದೆ ಅವಳು ಬಿಡುತ್ತಿರಲಿಲ್ಲ. ಹಾಗೆ ಮಾಡಿದಾಗಲೆಲ್ಲ ಕಣ್ಣು ತುಂಬುತ್ತಿತ್ತು.

ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಕಿರ್ರೆಂದಿತು. ಕರಿನಾಯಿ ನುಗ್ಗಿ ಬಂದು ಅವಳ ಮಡಿಲಿಗೆ ತಲೆ ಒತ್ತಿತು. ಅವಳು ಎಡಗಿವಿ ಮುಟ್ಟಿದಳು. ಅದು ಗುರ್ ಎನ್ನಲಿಲ್ಲ.

"ಅದು ಕ್ಷಮಿಸಿಬಿಡ್ತು," ಹೊಸ್ತಿಲಲ್ಲಿ ನಿಂತ ಬಡಗಿ ಹೇಳಿದ.

"ನೀವು?"

"ಕೋಪ ಇನ್ನೂ ಇದೆ. ಆದ್ರೆ ನಿಮ್ಮನ್ನ ನೋಡ್ದೆ ಇರೋಕೆ ಆಗ್ತಿಲ್ಲ..." ಜೇಬಿನಿಂದ ಎಣ್ಣೆಯ ಡಬ್ಬಿ ತೆಗೆದ. "ಬಾಗಿಲು ಕಿರುಗುಟ್ತಿದೆ."

"ಹಾಕ್ಬೇಡಿ," ಅಳುತ್ತಲೇ ನಕ್ಕಳು. "ನೀವು ಬಂದಿದ್ದು ನಂಗೆ ಕೇಳಿಸ್ಬೇಕು."