ಸೊಸೆಯ ಕಾಲ್ಗುಣ

“ನಿನ್ನ ಕಾಲ್ಗುಣ ಸಾಲಲಿಲ್ಲಂತ ಈಗ ಫೋನಿನ್ಯಾಗೂ ಅಪಶಕುನ ನುಡ್ಯಾಕತ್ತೀಯೇನ? ಇಡು ಕೆಳಗ!”

ಯಮುನವ್ವನ ಕೂಗಿಗೆ ಅಂಗಳದಲ್ಲಿ ಮಲಗಿದ್ದ ನಾಯಿ ಬೆಚ್ಚಿ ಎದ್ದಿತು. ಆ ಕಡೆ, ಇಚಲಕರಂಜಿಯ ತವರಿನಲ್ಲಿದ್ದ ಸೊಸೆ ಛಾಯಾ ಇನ್ನೂ ಬೇಡಿಕೊಳ್ಳುತ್ತಲೇ ಇದ್ದಳು.

“ಅತ್ತಿ, ಬೈಯೂದಿದ್ರ ನಾಳೆ ಬೈರಿ. ಇಲ್ಲೆ ಆಣೆಕಲ್ಲ ಬೀಳಾಕತ್ತಾವ. ಗಡಹಿಂಗ್ಲಜ ಕಡೆನೂ ಸಂಜಿ ಒಳಗ ಗಾಳಿ, ಸಿಡಿಲು ಅಂತ ಸರಕಾರದ ಮೆಸೇಜ್ ಬಂದೈತಿ. ಮಾವಾರಿಗೆ ಕುರಿ ಹೊಡಕೊಂಡು ಲಗೂನ ಮನಿಗಿ ಬರಾಕ ಹೇಳ್ರಿ... ನಿಮ್ಮ ಕಾಲಿಗೆ ಬೀಳ್ತೇನಿ!”

ಯಮುನವ್ವ ಬಾಗಿಲಾಚೆ ನೋಡಿದಳು. ಚೈತ್ರದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಅವಳು ಫೋನು ಕಟ್ ಮಾಡಿ ಗೋಡೆಯ ಗೂಡಿನಲ್ಲಿಟ್ಟಳು. ಅದು ಮಗ ದತ್ತಾನ ಫೋನು. ಅವನು ಅದನ್ನು ಚಾರ್ಜಿಗೆ ಹಚ್ಚಿ, ಕುರಿಗಳ ಔಷಧಿ ತರಲು ಗಡಹಿಂಗ್ಲಜಕ್ಕೆ ಹೋಗಿದ್ದ. ಗಂಡ ಸತ್ಯಪ್ಪ ಊರಾಚೆಯ ದಿನ್ನೆಯಲ್ಲಿ ಕುರಿ ಮೇಯಿಸುತ್ತಿದ್ದ. ಹತ್ತು ನಿಮಿಷದ ದಾರಿ. ಯಮುನವ್ವ ಹೋಗಲಿಲ್ಲ.

ಸೊಸೆಯ ಮೇಲಿನ ಆ ಸಿಟ್ಟು ಒಂದು ದಿನದ್ದಲ್ಲ. ಛಾಯಾ ಹೊಸಿಲು ದಾಟಿ ಬಂದ ವರ್ಷವೇ ಮಹಾಪೂರ ಬಂದು, ಶಿರೋಳದ ಕಡೆ ಹೋಗಿದ್ದ ಹಿಂಡಿನ ನಲವತ್ತು ಕುರಿಗಳು ಕೊಚ್ಚಿಹೋದವು. ಎರಡು ವರ್ಷಕ್ಕೆ ಮತ್ತೆ ಮಹಾಪೂರ! ಆಮೇಲೆ ಚಳಿಗಾಲದಲ್ಲಿ ಎಂದೂ ಕಾಣದ ಮಳೆ ಸುರಿದು, ಎಳೆಯ ಮರಿಗಳೆಲ್ಲ ಸೆಟೆದು ಸತ್ತವು. ಪ್ರತಿಸಲವೂ ಯಮುನವ್ವನ ಬೆರಳು ಸೊಸೆಯ ಕಡೆಗೇ ತಿರುಗಿತು. “ಹುಚ್ಚಿ, ಯಾವ ಮಳಿ ಯಾವಾಗ ಬರಬೇಕಂತ ಆ ಮಳಿಗೇ ಮರತೈತಿ. ಅದಕ ಆ ಪೋರಿ ಏನ ಮಾಡ್ಯಾಳು?” ಎಂದು ಸತ್ಯಪ್ಪ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಹೋದ ದೀಪಾವಳಿಗೆ ತವರಿಗೆ ಹೋದ ಸೊಸೆಯನ್ನು ಮತ್ತೆ ಕರೆಸಲೇ ಇಲ್ಲ. ಛಾಯಾ ಅಲ್ಲಿಯೇ ಮಗ್ಗದ ಕಾರ್ಖಾನೆಯಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸ ಹಿಡಿದಿದ್ದಳು.

ಆ ದಿನ ನಾಲ್ಕು ಗಂಟೆಗೆ ಗಾಳಿ ಎದ್ದಿತು. ನೋಡನೋಡುತ್ತ ಬಾನು ಕಪ್ಪಾಯಿತು. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಚಾವಣಿಯ ಪತ್ರಾಸಿನ ತಗಡಿನ ಮೇಲೆ ಬಡಿಯತೊಡಗಿದಾಗ ಯಮುನವ್ವ ಧಡಕ್ಕನೆ ಎದ್ದಳು. “ಅಯ್ಯೋ, ಇವರು ಬಯಲಾಗ ಅದಾರಲ್ಲೋ!” ತಲೆಯ ಮೇಲೆ ಬುಟ್ಟಿ ಹಿಡಿದು ಓಡಿದಳು. ದಿನ್ನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು... ಬೇವಿನ ಮರ ಸಿಡಿಲಿಗೆ ಸೀಳಿತ್ತು. ಅದರ ಬುಡದಲ್ಲಿ, ತನ್ನ ಕಂಬಳಿಯನ್ನು ಮರಿಗಳಿಗೆ ಹೊದಿಸಿ, ಸತ್ಯಪ್ಪ ಬರಿಮೈಯಲ್ಲಿ ಬೋರಲು ಬಿದ್ದಿದ್ದ.

ಛಾಯಾ ಸುದ್ದಿ ಕೇಳಿದವಳೇ ಬಸ್ಸು ಹತ್ತಿ ಬಂದಳು. ಮಾವನ ಪಾದಕ್ಕೆ ಹಣೆ ಹಚ್ಚಿ ಅತ್ತಳು. ಫೋನಿನ ಮಾತು ಎತ್ತಲಿಲ್ಲ. ಈಗ ಹೇಳುತ್ತಾಳೆ, ಇನ್ನೇನು ಹೇಳುತ್ತಾಳೆ ಎಂದು ಯಮುನವ್ವ ಕಾದಳು. ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು. ಛಾಯಾ ಹೇಳಲಿಲ್ಲ.

ಮೂರನೆಯ ದಿನ ಬೂದಿ ಬಿಟ್ಟು ಬಂದು ಎಲ್ಲರೂ ಪಡಸಾಲೆಯಲ್ಲಿ ಕುಳಿತಿದ್ದರು. ಸತ್ಯಪ್ಪನ ತಂಗಿ ತಂಗೆವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಛಾಯಾಳತ್ತ ನೋಡಿದಳು. “ನೀವು ಹೇಳಿದ್ದ ಖರೇ ಆತ ನೋಡ್ರಿ ವೈನಿ. ಈ ಹುಡಿಗಿ ಕಾಲಿಟ್ಟ ದಿನದಿಂದ ಈ ಮನಿಗಿ ಒಂದಾದ್ರೂ ನೆಟ್ಟಗ ಮಳಿ ಆಗೇತೇನ? ಕಡೀಕ ನಮ್ಮಣ್ಣನ್ನೂ ತಿಂದ್ಲು!”

ಛಾಯಾ ತಲೆ ಬಗ್ಗಿಸಿದಳು.

“ಬಾಯಿ ಮುಚ್ಚ ತಂಗೆವ್ವಾ!” ಯಮುನವ್ವ ನೆಲಕ್ಕೆ ಕೈಯೂರಿ ಎದ್ದಳು. “ಈ ಸಲ ಅಕೀ ಈ ಮನ್ಯಾಗ ಇರಲೇ ಇಲ್ಲ. ಆದ್ರೂ ಆಣೆಕಲ್ಲ ಬಿತ್ತು, ಸಿಡಿಲು ಬಿತ್ತು. ಈಗ ಯಾರ ಕಾಲ್ಗುಣ ಅಂತೀ? ಅಕೀ ಫೋನ್ ಮಾಡಿದ್ಲು... ಮಾವನ್ನ ಕರೀರಿ ಅಂತ ಅತ್ಲು. ನಾನ... ನಾನ ಬೈದ ಇಟ್ಟೆ! ಅವರನ್ನ ಕೊಂದಾಕಿ ನಾನ!”

ದತ್ತಾ ತಾಯಿಯನ್ನು ದಿಟ್ಟಿಸಿದ.

“ಅಪ್ಪ ಹತ್ತ ಮಿನಿಟಿನ ದಾರ್ಯಾಗ ಇದ್ದ, ಯವ್ವಾ...”

ಅಷ್ಟು ಹೇಳಿ ಎದ್ದು ಹೊರಗೆ ಹೋದ. ಬಂದವರೂ ಒಬ್ಬೊಬ್ಬರಾಗಿ ಎದ್ದರು. ಉಳಿದವಳು ಛಾಯಾ ಒಬ್ಬಳೇ.

“ನೀ ಯಾಕ ಹೇಳಲಿಲ್ಲವಾ?” ಯಮುನವ್ವ ಬಿಕ್ಕಿದಳು.

“ಹೇಳಿದ್ರ ಮಾವ ಎದ್ದ ಬರ್ತಿದ್ರೇನ್ರಿ?” ಛಾಯಾಳ ದನಿ ಒಡೆದಿತ್ತು. “ನಿಮ್ಮ ಮಗನಿಗೆ ಅಪ್ಪ ಹೋಗಿದ್ದ. ಅವ್ವನೂ ಹೋಗೂದ ಬ್ಯಾಡ ಅನಿಸ್ತ್ರಿ...”

ಉಳಿದ ಹನ್ನೊಂದು ಕುರಿಗಳನ್ನು ದತ್ತಾ ತನ್ನ ಸೋದರತ್ತೆ ತಂಗೆವ್ವನ ಹಿಂಡಿಗೆ ಸೇರಿಸಿದ. ಇನ್ನು ಆಕಾಶ ನಂಬಿ ಬದುಕಲಾರೆನೆಂದು ಇಚಲಕರಂಜಿಯ ಮಗ್ಗಕ್ಕೆ ಹೊರಟು ನಿಂತ. ಯಮುನವ್ವ ಬೇಡವೆನ್ನಲಿಲ್ಲ. ಬೇಡವೆನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ. “ನೀವೂ ನಡೀರಿ ಅತ್ತಿ” ಎಂದು ಛಾಯಾಳೇ ಅವಳ ಸೀರೆಗಳನ್ನು ಗಂಟು ಕಟ್ಟಿದಳು.

ಇಚಲಕರಂಜಿಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಯಾಚೆ ಹಗಲಿಡೀ ಮಗ್ಗಗಳ ಖಟಖಟ. ದತ್ತಾ ತಾಯಿಯ ಗಂಟನ್ನು ಮೂಲೆಯಲ್ಲಿಟ್ಟು ಪಾಳಿಗೆ ಹೋದ. ಅಂದಿನಿಂದ ಅವನು ತಾಯಿಯ ತಟ್ಟೆಗೆ ರೊಟ್ಟಿ ಹಾಕುವುದನ್ನು ಮರೆಯುವುದಿಲ್ಲ. ಆದರೆ ಮುಖ ನೋಡುವುದಿಲ್ಲ.

ಬಂದ ಮೊದಲ ದಿನವೇ ನೆರೆಮನೆಯ ಮರಾಠಿ ಹೆಂಗಸು ಬಾಗಿಲಲ್ಲಿ ಇಣುಕಿ, ಇವರು ಯಾರೆಂದು ಕೇಳಿದ್ದಳು. ಯಮುನವ್ವ ನಾಚಿ ಗೋಡೆಯ ಕಡೆ ತಿರುಗಿದಳು. ಕಂಡಿಕೆ ಸುತ್ತಿ ಬಿರಿದ ಕೈಯಿಂದ ಹಿಟ್ಟು ನಾದುತ್ತಿದ್ದ ಛಾಯಾ ತಲೆ ಎತ್ತದೆ ಅಂದಳು:

“ನಮ್ಮ ಅತ್ತಿ. ಇನ್ಮ್ಯಾಲ ಇಲ್ಲೇ ಇರ್ತಾರ್ರಿ.”