ಒಂದೇ ಮನೆತನದ ಗಾಡಿ

ಜಾಕ್ ಇಳಿಯುತ್ತಿತ್ತು.

ಕಿರ್ರ್... ಒಂದು ಕ್ಷಣ ನಿಲ್ಲುತ್ತಿತ್ತು. ಮತ್ತೆ ಕಿರ್ರ್...

ನಾನು ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಪಾಲಿಶ್ ಮಾಡಲೆಂದು ನಾಲ್ಕೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಒಂದೂವರೆ ಟನ್ ಕಬ್ಬಿಣಕ್ಕೂ ನನ್ನ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ. ಅದೂ ಕಡಿಮೆಯಾಗುತ್ತಿತ್ತು.

ಪಕ್ಕಕ್ಕೆ ಕತ್ತು ತಿರುಗಿಸಿದರೆ ಎರಡು ಜೊತೆ ಕಾಲು ಕಾಣುತ್ತಿದ್ದವು. ಬಿಳಿ ಶೂಸು ಮಾಲೀಕನದು. ಕೆಸರು ಬೂಟು ಅವನ ಚೇಲಾ ಗೂಳಿಯದು. ಜಾಕಿನ ಹಿಡಿ ಗೂಳಿಯ ಕೈಯಲ್ಲಿತ್ತು.

"ಕುಶನ್ ಅಂಗಡಿಗೆ ಯಾಕಯ್ಯಾ ಹೋಗಿದ್ದೆ?" ಬಿಳಿ ಶೂಸು ಕೇಳಿತು.

"ಹಳೇ ಸೀಟಿನ ಬಟ್ಟೆ ಸ್ಯಾಂಪಲ್ ಕೇಳೋಕೆ ಸಾರ್. ಸರ್ಟಿಫಿಕೇಟಲ್ಲಿ ಬಣ್ಣ ಬರೀಬೇಕಲ್ಲ."

ಕಿರ್ರ್...

"ಆ ಮುದುಕಿ ಏನಂದ್ಲು?"

ಜಾಕ್ ಸ್ವಲ್ಪ ಹೊತ್ತು ಅಲ್ಲೇ ಇರಲಿ ಸ್ವಾಮಿ. ನಾನು ಆ ಗಾಡಿಯ ಅಡಿಗೆ ಹೇಗೆ ಬಂದೆ ಅಂತ ಮೊದಲು ಹೇಳಿಬಿಡುತ್ತೇನೆ.

ಹಳೇ ಕಾರುಗಳ ಜಾತಕ ಬರೆಯೋದು ನನ್ನ ಕಸುಬು. ಮೊದಲು ಯಾರು ಕೊಂಡರು, ಯಾರಿಗೆ ಮಾರಿದರು, ಯಾರು ಎಲ್ಲಿ ಗುದ್ದಿದರು... ಎಲ್ಲ ಹುಡುಕಿ ತೆಗೆದು, ಸಹಿ ಹಾಕಿ, ಸೀಲು ಒತ್ತಿ ಕೊಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಂದು ಪಾಠ ಕಲಿತಿದ್ದೇನೆ. ಹಳೇ ಕಾರು ಸುಳ್ಳು ಹೇಳುವುದಿಲ್ಲ. ಅದನ್ನು ಇಟ್ಟುಕೊಂಡವರು ಸತ್ಯ ಹೇಳುವುದಿಲ್ಲ.

ಮೂರು ದಿನದ ಹಿಂದೆ ಈ ಮಾಲೀಕ ನನ್ನನ್ನು ಕರೆಸಿಕೊಂಡಿದ್ದ. ವಯಸ್ಸು ಅರವತ್ತಮೂರು. ಕೂದಲಿಗೆ ಹಚ್ಚಿದ ಕಪ್ಪು ಬಣ್ಣ ಹಣೆಗೂ ಇಳಿದಿತ್ತು. ಗೋಡೆ ತುಂಬ ಬಹುಮಾನದ ಕಪ್ಪುಗಳು... ಒಂದೂ ಅವನು ಗೆದ್ದದ್ದಲ್ಲ, ಅವನ ಗಾಡಿಗಳು ಗೆದ್ದದ್ದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಗ್ಯಾರೇಜಿಗೆ ಏಸಿ ಹಾಕಿಸಿದ್ದ. ಕೆಲಸದವರು ಹೊರಗೆ ಬಿಸಿಲಲ್ಲಿ ನಿಂತಿದ್ದರು.

ಗಾಡಿ ಮಾತ್ರ ಚಿನ್ನ! ಕೆನೆ ಬಣ್ಣ, ಮೇಲೆ ಕಡುಗೆಂಪು. ಉದ್ದ ಮೂತಿ. ಅರವತ್ತು ವರ್ಷ ಹಳೆಯದು ಅಂದರೆ ನಂಬಲಾರಿರಿ. ಡ್ಯಾಶ್‌ಬೋರ್ಡಿನ ಮೇಲೆ ಚಿನ್ನದ ಬಣ್ಣದಲ್ಲಿ ಒಂದು ಸಹಿ ಬರೆಸಿದ್ದ.

"ನಮ್ಮಪ್ಪನ ಸಹಿ. ಬ್ಯಾಂಕಿನ ಹಳೇ ಕಾಗದದಿಂದ ಅಚ್ಚು ತೆಗೆಸಿದ್ದು. ಒಂದು ಕೂದಲೆಳೆ ವ್ಯತ್ಯಾಸ ಇಲ್ಲ" ಅಂದ.

"ಚೆನ್ನಾಗಿದೆ ಸಾರ್."

"ಶನಿವಾರ ಪ್ರದರ್ಶನ. 'ಒಂದೇ ಮನೆತನದ ಗಾಡಿ' ಅಂತ ಒಂದು ವಿಭಾಗ ಇದೆ. ಅಪ್ಪ ಕೊಂಡ, ಮಗ ಇಟ್ಕೊಂಡ. ನಡುವೆ ಬೇರೆ ನಾಯಿ ಕೂಡ ಇಲ್ಲ. ಹಾಗಂತ ಬರ್ಕೊಡು."

"ಹುಡುಕಿ ನೋಡಿ ಬರೀತೀನಿ ಸಾರ್."

"ಹುಡುಕೋದೇನಯ್ಯಾ? ನಾನು ಹೇಳ್ತಾ ಇದೀನಲ್ಲ."

ಹೀಗೆ ಹೇಳುವವರ ಗಾಡಿಯನ್ನೇ ನಾನು ಮೊದಲು ಹುಡುಕುವುದು.

ರಿಜಿಸ್ಟ್ರೇಷನ್ ಆಫೀಸಿನಲ್ಲಿ ಹಳೇ ದಫ್ತರ್ ತೆಗೆಸಿದೆ. ನಾನೂರು ಪುಟದ ಪುಸ್ತಕ. ಈ ಗಾಡಿಯ ಪುಟವೊಂದರ ಮೇಲೆ ಮಾತ್ರ ನೀರು ಚೆಲ್ಲಿತ್ತು. ಹಿಂದಿನ ಪುಟ ಒಣ, ಮುಂದಿನ ಪುಟ ಒಣ. ಎಂಥ ಬುದ್ಧಿವಂತ ನೀರು!

"ಮಳೆ ಸೋರಿದ್ದು..." ಅಂದ ಗುಮಾಸ್ತ.

"ಅಳತೆ ಹಿಡಿದು ಸೋರಿದೆಯಲ್ಲ."

ಗುಮಾಸ್ತ ಕಿಟಕಿ ಕಡೆ ನೋಡಿದ. "ನೀವೊಬ್ಬರೇ ಅಲ್ಲ, ವರ್ಷಕ್ಕೊಂದು ಸಲ ಒಬ್ಬ ಅಜ್ಜಿ ಬಂದು ಇದೇ ಪುಟ ಕೇಳ್ತಾರೆ. ಕುಶನ್ ಅಂಗಡಿಯವರು" ಅಂದ. ನನಗೆ ಅಡ್ರೆಸ್ ಕೊಟ್ಟ. ನಾನು ಬೆನ್ನು ತಿರುಗಿಸಿದ ಮೇಲೆ ಮಾಲೀಕನಿಗೆ ಫೋನೂ ಮಾಡಿದ. ಅದು ನನಗೆ ಆಮೇಲೆ ಗೊತ್ತಾಯಿತು. ಎರಡೂ ಕಡೆ ಉಪಕಾರ ಮಾಡುವ ಈ ಜಾತಿಯ ಜನರನ್ನು ಕಂಡರೆ ನನಗೆ ಹೇಸಿಗೆ.

ಕುಶನ್ ಅಂಗಡಿ ಅಂದರೆ ಹತ್ತಡಿ ಅಗಲದ ಕೋಣೆ. ಸ್ಪಂಜಿನ ತುಂಡು, ರೆಕ್ಸಿನ್ ಸುರುಳಿ, ಅಂಟಿನ ವಾಸನೆ. ಎಪ್ಪತ್ತರ ಹೆಂಗಸು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ಬಸ್ಸಿನ ಸೀಟೊಂದನ್ನು ಮಂಡಿಯಲ್ಲಿ ಒತ್ತಿ ಹಿಡಿದಿದ್ದರು. ಗಾಡಿಯ ನಂಬರ್ ಹೇಳಿದೆ. ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿದರು.

"ಯಾರಪ್ಪಾ ನೀನು?"

"ಆ ಗಾಡಿಯ ಹಿಂದಿನ ಕತೆ ಹುಡುಕ್ತಾ ಇದೀನಿ ಅಮ್ಮ."

"ಮೂವತ್ತೆಂಟು ವರ್ಷ ತಡವಾಗಿ ಬಂದಿದೀಯ. ಕೂತ್ಕೋ."

ಕೂತೆ. ಅವರು ಹೇಳಿದರು.

ಅವರ ಗಂಡ ಆ ಮನೆಯಲ್ಲಿ ಡ್ರೈವರ್. ದೊಡ್ಡ ಯಜಮಾನರಿಗೆ ಕೊನೆಗಾಲದಲ್ಲಿ ಉಸಿರಿನ ಕಾಯಿಲೆ. ಎರಡು ವರ್ಷ ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎತ್ತಿ ಕೂರಿಸಿ, ಎತ್ತಿ ಇಳಿಸಿದ್ದು ಈ ಡ್ರೈವರ್. ಮಗ ಆ ಕಡೆ ತಲೆ ಹಾಕಲಿಲ್ಲ. ಯಜಮಾನರು ಗಾಡಿಯನ್ನು ಡ್ರೈವರಿಗೆ ಬರೆದುಕೊಟ್ಟರು. ಕಾಗದ ರಿಜಿಸ್ಟ್ರೇಷನ್ ಆಫೀಸಿಗೆ ಹೋಯಿತು. ಯಜಮಾನರು ಸತ್ತರು. ಒಂದು ವಾರಕ್ಕೆ ಮಗ ಪೊಲೀಸಿಗೆ ದೂರು ಕೊಟ್ಟ. ಡ್ರೈವರ್ ಗಾಡಿ ಕದ್ದ ಅಂತ!

ಆಫೀಸಿನಲ್ಲಿ ಕಾಗದ ಇರಲಿಲ್ಲ. ಪುಟಕ್ಕೆ ಆಗಲೇ ನೀರು ಬಿದ್ದಿತ್ತು.

"ಹದಿನಾಲ್ಕು ತಿಂಗಳು ಒಳಗಿದ್ರು. ಹೊರಗೆ ಬಂದ ಮೇಲೆ ಸ್ಟೀರಿಂಗ್ ಮುಟ್ಟೋಕೆ ಯಾರೂ ಬಿಡ್ಲಿಲ್ಲ. ಇಲ್ಲೇ ಕೂತು ನನಗೆ ದಾರ ಪೋಣಿಸಿ ಕೊಡ್ತಿದ್ರು. ಹಾಗೇ ಹೋಗ್ಬಿಟ್ರು" ಅಂದರು. ಅಳಲಿಲ್ಲ. ಸೂಜಿಯನ್ನು ರೆಕ್ಸಿನ್‌ಗೆ ಚುಚ್ಚಿ ಎಳೆದರು.

"ಗಾಡಿ ಬೇಕಾ ಅಮ್ಮ ನಿಮಗೆ?"

"ಗಾಡಿ ತಗೊಂಡು ಎಲ್ಲಿಗೆ ಹೋಗ್ಲಿ? ನಾನು ಕಣ್ಮುಚ್ಚೋದ್ರೊಳಗೆ ಒಂದು ಸಲ... ನಾಲ್ಕು ಜನರ ಮುಂದೆ... ಅವರು ಕದ್ದಿಲ್ಲ ಅಂತ ಯಾರಾದ್ರೂ ಹೇಳ್ಲಿ. ಅಷ್ಟೇ."

"ಸಾಕ್ಷಿ ಬೇಕಲ್ಲ ಅಮ್ಮ."

"ಇದೆಯಲ್ಲ. ಹಿಂದಿನ ಸೀಟಿನ ಅಡಿ."

ಅದು ಅವರ ತಂದೆ ಮಾಡಿದ ಅಂಗಡಿ ರೂಲ್. ಒಮ್ಮೆ ಇಬ್ಬರು ಗಿರಾಕಿಗಳ ಸೀಟು ಅದಲುಬದಲಾಗಿ, ಅಂಗಡಿಯೊಳಗೇ ಹೊಡೆದಾಡಿದ್ದರಂತೆ. ಆವತ್ತಿನಿಂದ ಸೀಟು ಬಿಚ್ಚಿದರೆ, ಅಡಿಯ ಮರದ ಚೌಕಟ್ಟಿನ ಮೇಲೆ ಮಾಲೀಕನೇ ತನ್ನ ಕೈಯಲ್ಲಿ ಬರೆದು ಸಹಿ ಹಾಕಬೇಕು. ಮಾಲೀಕ ಬದಲಾದರೆ ಹಳೆಯವನು ಬಂದು ಅದನ್ನೂ ಬರೆಯಬೇಕು. ಇಲ್ಲದಿದ್ದರೆ ಸೀಟಿಗೆ ಸೂಜಿ ತಾಗಿಸುತ್ತಿರಲಿಲ್ಲ. ಬರೆಯುವುದು ನೇರಳೆ ಪೆನ್ಸಿಲಿನಲ್ಲಿ. ಒದ್ದೆ ಬಟ್ಟೆ ಒತ್ತಿದರೆ ಅದು ಶಾಯಿಯಾಗಿ ಮರಕ್ಕೆ ಕಚ್ಚಿಕೊಳ್ಳುತ್ತದೆ.

"ಯಜಮಾನ್ರು ಕೆಮ್ಮುತ್ತಾ ಬಂದು, ಇಲ್ಲೇ, ಈ ಸ್ಟೂಲ್ ಮೇಲೆ ಕೂತು ಬರೆದ್ರು."

"ಕೋರ್ಟಲ್ಲಿ ಹೇಳಲಿಲ್ವಾ?"

"ಕಳ್ಳನ ಹೆಂಡ್ತೀನ ಯಾರಪ್ಪಾ ಕೇಳ್ತಾರೆ?"

ನನಗೆ ಮೈಯೆಲ್ಲ ಉರಿಯಿತು. ನೇರ ಗ್ಯಾರೇಜಿಗೆ ಹೋದೆ. ಚಾಸಿ ನಂಬರ್ ನೋಡಬೇಕು ಅಂದೆ. ಕಾವಲಿನವನು ಬಿಟ್ಟ. ಹಿಂದಿನ ಸೀಟು ಎತ್ತಿದೆ.

ಇತ್ತು!

ಹೊಸ ಚರ್ಮ, ಹೊಸ ಸ್ಪ್ರಿಂಗ್. ಅಡಿಯಲ್ಲಿ ಹಳೇ ಮರ. ಮರದ ಮೇಲೆ ನೇರಳೆ ಅಕ್ಷರ. ಫೋಟೋ ತೆಗೆದೆ. ಹೊರಗೆ ಬೂಟಿನ ಸದ್ದು. ಸೀಟು ಕೂರಿಸಿದೆ, ಕೆಳಗಿಳಿದೆ, ನಂಬರ್ ನೋಡುವವನ ಹಾಗೆ ಗಾಡಿಯ ಅಡಿಗೆ ಜಾರಿದೆ.

ಬುದ್ಧಿವಂತಿಕೆ ಅಂದುಕೊಂಡಿದ್ದೆ. ಜಾಕ್ ಕಿರ್ರ್ ಅನ್ನುವವರೆಗೆ.

ಈಗ ಮುಂದಕ್ಕೆ ಬನ್ನಿ.

"ಕೇಳಿಸ್ಲಿಲ್ವಾ? ಮುದುಕಿ ಏನಂದ್ಲು?"

"ಗಂಡನ್ನ ನೆನೆಸ್ಕೊಂಡು ಅತ್ರು ಸಾರ್. ಅಷ್ಟೇ."

ಮಾಲೀಕ ನಕ್ಕ. "ಇನ್ನೂ ಅಳ್ತಾಳಾ?"

ಕಿರ್ರ್... ಕಬ್ಬಿಣ ನನ್ನ ಬೆಲ್ಟನ್ನು ಮುಟ್ಟಿತು. ಉಸಿರು ಅರ್ಧಕ್ಕೆ ನಿಂತಿತು. ಬೇಡಿಕೊಂಡರೆ ಇವನು ಬಿಡುವವನಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಪೈಕಿ. ಹಾಗಾದರೆ ಇವನಿಗೆ ಕಾಳಜಿ ಇರುವುದು ಯಾವುದರ ಮೇಲೆ?

"ಸಾರ್... ನನ್ನ ಬೆಲ್ಟಿನ ಬಕಲ್ ಪೇಂಟಿಗೆ ತಾಗ್ತಾ ಇದೆ. ಇನ್ನು ಅರ್ಧ ಇಂಚು ಇಳಿದ್ರೆ ಗೀರು ಬೀಳುತ್ತೆ. ಜಡ್ಜುಗಳು ಟಾರ್ಚ್ ಹಾಕಿ ಅಡೀನೂ ನೋಡ್ತಾರೆ."

"ಎತ್ತೋ ಗೂಳಿ! ಎತ್ತೋ ಕತ್ತೆ! ಗೀರು ಬಿದ್ರೆ ಚರ್ಮ ಸುಲೀತೀನಿ!"

ಜಾಕ್ ಮೇಲೇರಿತು. ನನ್ನ ಪಕ್ಕೆಲುಬಿಗೆ ಇಲ್ಲದ ಮರ್ಯಾದೆ ಪೇಂಟಿಗಿತ್ತು.

ಗೂಳಿ ಕಾಲು ಹಿಡಿದು ಎಳೆದ. ಜೇಬಿನಿಂದ ಫೋನ್ ಕಿತ್ತು ಬೂಟಿನಡಿ ಹಾಕಿ ತುಳಿದ. ನನ್ನ ಫೋಟೋ ಅಲ್ಲಿಗೆ ಮುಗಿಯಿತು. ಮಾಲೀಕ ಮಾತ್ರ ಟಾರ್ಚ್ ಹಿಡಿದು, ಮಂಡಿಯೂರಿ, ಗಾಡಿಯ ಹೊಟ್ಟೆ ನೋಡುತ್ತಿದ್ದ.

"ನಾಳೆ ಹತ್ತು ಗಂಟೆಗೆ ಮೈಕಲ್ಲಿ ಓದ್ತೀಯ. ಒಂದಕ್ಷರ ಹೆಚ್ಚುಕಮ್ಮಿ ಆದ್ರೆ ಮುಂದಿನ ಸಲ ಬೆಲ್ಟ್ ಬಿಚ್ಚಿಸಿ ಮಲಗಿಸ್ತೀನಿ" ಅಂದ.

"ಆಯ್ತು ಸಾರ್. ಒಂದು ಫಾರಂಗೆ ಸಹಿ ಬೇಕಿತ್ತು. ಯಾವ ಯಾವ ಭಾಗ ಒರಿಜಿನಲ್ ಅಂತ ಮಾಲೀಕರು ಬರ್ಕೊಡಬೇಕು. ಒರಿಜಿನಲ್ ಮರಕ್ಕೆ ಜಾಸ್ತಿ ಅಂಕ ಇದೆ."

"ಮರ ಎಲ್ಲಾ ಒರಿಜಿನಲ್ಲೇ! ಸೀಟಿಂದು ಕೂಡ. ಹೊದಿಕೆ ಹಾಕೋನು 'ಏನೋ ಬರೆದಿದೆ, ಉಜ್ಜಿಬಿಡ್ಲಾ' ಅಂದ. ಅದೂ ಒರಿಜಿನಲ್ ಕಣಯ್ಯಾ, ಮುಟ್ಟಬೇಡ ಅಂದೆ."

"ಏನು ಬರೆದಿತ್ತು ಸಾರ್?"

"ನಾನ್ಯಾಕೆ ಸೀಟಿನ ಅಡಿ ಬಗ್ಗಲಿ?"

ಮರ, ಅದರ ಮೇಲಿನ ಬರಹ, ಎರಡನ್ನೂ ಫಾರಂನಲ್ಲಿ ತುಂಬಿ ಮುಂದಿಟ್ಟೆ. ಸಹಿ ಹಾಕಿದ. ದಪ್ಪಗೆ, ಎರಡು ಗೆರೆ ಎಳೆದು. ನಾನು ಕೈಮುಗಿದೆ. ನಾಟಕಕ್ಕಲ್ಲ ಸ್ವಾಮಿ. ಅಷ್ಟು ಸಂಪೂರ್ಣ ಮೂರ್ಖತನ ಎದುರಿಗೆ ಬಂದಾಗ ಕೈ ತಾನೇ ಮೇಲೇಳುತ್ತದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕುಶನ್ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಅಜ್ಜಿ ಸೂಜಿ ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಹತ್ತಿದರು. ರಸ್ತೆಯ ತುದಿಯಲ್ಲಿ ಗೂಳಿಯ ಜೀಪು ಕಂಡಿತು. ರಾತ್ರಿಯೇ ಕಾವಲು ಹಾಕಿದ್ದನೋ ಏನೋ.

ಜೀಪು ಹೊರಟಿತು. ನೇರ ನಮ್ಮ ಕಡೆಗೆ...

"ಬಿಗಿಯಾಗಿ ಹಿಡ್ಕೊಳ್ಳಿ ಅಮ್ಮ!"

"ನಾನು ಡ್ರೈವರ್ ಹೆಂಡ್ತಿ. ನೀನು ಗೇರ್ ಸರಿಯಾಗಿ ಹಾಕು."

ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲಿಗೆ ನುಗ್ಗಿದೆ. ಜೀಪು ಹಿಂದೆಯೇ. ಹಾರ್ನ್... ಬೈಗುಳ... ಬಂಪರ್ ನನ್ನ ನಂಬರ್ ಪ್ಲೇಟಿಗೆ ತಾಗಿತು. ಸ್ಕೂಟರ್ ಓಲಾಡಿತು.

"ಎಡಕ್ಕೆ! ಟೈರ್ ಅಂಗಡಿ ಸಂದಿ!" ಕಿವಿಯಲ್ಲಿ ಅಜ್ಜಿ ಕೂಗಿದರು.

ತಿರುಗಿಸಿದೆ. ಬಾಯಿ ಅಗಲ, ಒಳಗೆ ಹೋದಂತೆ ಕಿರಿದಾಗುವ ಸಂದಿ. ಎರಡೂ ಮೊಣಕೈ ಗೋಡೆಗೆ ಉಜ್ಜಿದವು. ಗೂಳಿಯೂ ತಿರುಗಿಸಿದ. ಅವನಿಗೆ ಕೋಪ ಇತ್ತು, ಅಳತೆ ಗೊತ್ತಿರಲಿಲ್ಲ. ಜೀಪು ಎರಡು ಗೋಡೆಗಳ ನಡುವೆ ಬೆಣೆ ಹೊಡೆದಂತೆ ಸಿಕ್ಕಿಕೊಂಡಿತು. ಬಾಗಿಲು ತೆರೆಯಲೂ ಜಾಗವಿಲ್ಲ. ಒಳಗೆ ಕೂತೇ ಬೈಯುತ್ತಿದ್ದ.

ಪ್ರದರ್ಶನದ ಮೈದಾನ. ಸಾಲಾಗಿ ಹೊಳೆಯುವ ಕಾರುಗಳು, ಅವುಗಳ ಪಕ್ಕ ಹೊಟ್ಟೆ ಒಳಗೆಳೆದು ನಿಂತ ಮಾಲೀಕರು. ರಿಪೇರಿಯವರ ಗೇಟಿನಲ್ಲಿ ಅಜ್ಜಿ ಸೂಜಿ ಚೀಲ ತೋರಿಸಿ ಒಳಗೆ ಬಂದರು. ಯಾರೂ ಎರಡನೇ ಸಲ ನೋಡಲಿಲ್ಲ. ಇಂಥ ಜಾಗದಲ್ಲಿ ಕೆಲಸದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಕೈಗೆ ಮೈಕ್ ಬಂತು. ಎದುರಿಗೆ ಮೂವರು ಜಡ್ಜುಗಳು. ಮುಖ್ಯಸ್ಥೆ, ಬಿಳಿ ಗ್ಲೌಸು ಹಾಕಿದ ರಿಟೈರ್ಡ್ ಇಂಜಿನಿಯರಮ್ಮ. ಹಿಂದೆ ಇನ್ನೂರು ಜನ.

"ಈ ಗಾಡಿಯ ಸೀಟಿನ ಮರದ ಚೌಕಟ್ಟು, ಅದರ ಮೇಲಿನ ಬರಹದ ಸಮೇತ, ಒರಿಜಿನಲ್ ಅಂತ ಮಾಲೀಕರು ಸಹಿ ಹಾಕಿ ಕೊಟ್ಟಿದ್ದಾರೆ. ದಯವಿಟ್ಟು ಸೀಟು ಎತ್ತಿ ನೋಡಬೇಕು."

ಮಾಲೀಕ ಬೀಗಿದ. ತಾನೇ ಮುಂದೆ ಬಂದು ಸೀಟು ಎತ್ತಿ ಹಿಡಿದ! "ನೋಡಿ ಮೇಡಂ. ಅಪ್ಪನ ಕಾಲದ್ದು."

ಜಡ್ಜಮ್ಮ ಬಗ್ಗಿದರು. ಕನ್ನಡಕ ಸರಿಮಾಡಿಕೊಂಡರು. ಮೈಕ್ ಅವರ ಬಾಯಿಗೆ ಹಿಡಿದೆ. ಓದಿದರು.

"'ಈ ಗಾಡಿಯನ್ನು ಇಂದಿನಿಂದ ನನ್ನ ಡ್ರೈವರಿಗೆ ಕೊಟ್ಟಿದ್ದೇನೆ. ಸೀಟನ್ನು ಅವನ ಕೈಗೇ ಕೊಡತಕ್ಕದ್ದು.' ಕೆಳಗೆ ತಾರೀಖು, ಸಹಿ."

ನಾನು ಮೈಕ್ ಹಿಂದಕ್ಕೆ ತೆಗೆದುಕೊಂಡೆ.

"ಆ ತಾರೀಖಿಗೆ ಹನ್ನೊಂದು ದಿನ ಆದ ಮೇಲೆ ದೊಡ್ಡ ಯಜಮಾನರು ತೀರಿಕೊಂಡರು. ಅದಾಗಿ ಒಂದು ವಾರಕ್ಕೆ ಈ ಮಗ ದೂರು ಕೊಟ್ಟ. ಡ್ರೈವರ್ ಜೈಲಿಗೆ ಹೋದರು" ಎಂದೆ.

"ಸುಳ್ಳು! ಅದು ನಮ್ಮಪ್ಪನ ಸಹಿ ಅಲ್ಲ!" ಮಾಲೀಕನ ಕೈಯಿಂದ ಸೀಟು ಜಾರಿತು.

ಜಡ್ಜಮ್ಮ ಮುಂದಿನ ಬಾಗಿಲು ತೆರೆದರು. ಡ್ಯಾಶ್‌ಬೋರ್ಡಿನ ಚಿನ್ನದ ಸಹಿ ನೋಡಿದರು. ಸೀಟು ಎತ್ತಿಸಿ ನೇರಳೆ ಸಹಿ ನೋಡಿದರು. ಮತ್ತೆ ಚಿನ್ನದ್ದು. ಅವನೇ ಹೇಳಿದ್ದನಲ್ಲ, ಒಂದು ಕೂದಲೆಳೆ ವ್ಯತ್ಯಾಸ ಇರಲಿಲ್ಲ.

"ಒಂದೇ ಕೈ" ಅಂದರು.

ಅಜ್ಜಿ ಮುಂದೆ ಬಂದಿದ್ದರು. ಮರದ ಮೇಲೆ ಬೆರಳಿಟ್ಟರು.

"ಇನ್ನೊಂದು ಸಲ ಓದ್ತೀರಾ ಅಮ್ಮ? ಸ್ವಲ್ಪ ಜೋರಾಗಿ. ಹಿಂದೆ ನಿಂತೋರಿಗೆ ಕೇಳ್ಸಿಲ್ಲ."

ಓದಿದರು. ಹಿಂದೆ ನಿಂತವರಿಗೂ ಕೇಳಿಸಿತು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ?

ಮಾಲೀಕ ಜನರ ನಡುವೆ ದಾರಿ ಹುಡುಕುತ್ತಿದ್ದ. ಯಾರೂ ಸರಿಯುತ್ತಿರಲಿಲ್ಲ.

"ಸರ್ಟಿಫಿಕೇಟ್ ಪೂರ್ತಿ ಮಾಡಿ" ಅಂದರು ಜಡ್ಜಮ್ಮ. ಗಾಡಿಯ ಬಾನೆಟ್ ಮೇಲೆ ಕಾಗದ ಇಟ್ಟೆ. ಪೆನ್ನು ಒತ್ತಿ ಬರೆದೆ. ಪೇಂಟಿಗೆ ಗೀರು ಬಿದ್ದರೆ ಬೀಳಲಿ ಅಂತ.

ಮಾಲೀಕರು: ಇಬ್ಬರು. ಕಳ್ಳ: ಒಬ್ಬನೇ, ಅವನೂ ಅದೇ ಮನೆತನದವನು.