ಹೆಸರು ಹೇಳದ ತಪ್ಪುಗಳು

"ನಗೂದು ಮುಗೀತೇನ್ರಿ ಸರ್?"

ಪಂಚಶೀಲಾ ಎದ್ದು ನಿಂತಿದ್ದಳು. ಯಾದಗಿರಿ ಬಸ್ ನಿಲ್ದಾಣದ ಎದುರಿನ ಆ ಇಂಗ್ಲಿಷ್ ಕ್ಲಾಸಿನಲ್ಲಿ ನಗುತ್ತಿದ್ದವರೆಲ್ಲ ಅವಳತ್ತ ತಿರುಗಿದರು.

ದಿನಾ ಪಾಠಕ್ಕೆ ಮೊದಲು ಕಾಂತೇಶ ಮಾಸ್ತರ ಹಳೆಯ ನೋಟ್‌ಬುಕ್ಕೊಂದನ್ನು ಬಿಚ್ಚಿ ಒಂದು ತಪ್ಪು ವಾಕ್ಯ ಓದುತ್ತಿದ್ದ. ಬರೆದವರ ಹೆಸರು ಹೇಳುತ್ತಿರಲಿಲ್ಲ. ಎಲ್ಲರೂ ಮೊದಲು ನಗಬೇಕು, ಆಮೇಲೆ ತಿದ್ದಬೇಕು. 'ದಿ' ಎಲ್ಲಿ ಬರಬೇಕು, 'ಸಿನ್ಸ್' ಎಲ್ಲಿ ಬರಬಾರದು ಎಂಬುದೆಲ್ಲ ಹೀಗೇ ತಲೆಗೆ ಹತ್ತುತ್ತಿತ್ತು. ನಿನ್ನೆಯವರೆಗೆ ಪಂಚಶೀಲಾಳೂ ನಕ್ಕವಳೇ. ನಗುವಾಗ ಅವನ ಮುಖವನ್ನೇ ನೋಡುತ್ತಿದ್ದದ್ದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಇಂದು ಅವನು ಓದಿದ್ದು, "ಮೈ ಮದರ್ ಈಸ್ ವರ್ಕಿಂಗ್ ಇನ್ ಅದರ್ಸ್ ಫೀಲ್ಡ್ ಸಿನ್ಸ್ ಟ್ವೆಂಟಿ ಇಯರ್ಸ್."

ಅವ್ವ ಇಪ್ಪತ್ತು ವರ್ಷದಿಂದ ಮಂದಿ ಹೊಲದಲ್ಲಿ ದುಡಿಯುತ್ತಾಳೆ ಅಂತ!

ಸೋಮವಾರ ಶಹಾಪುರದ ಶಾಲೆಯೊಂದರಲ್ಲಿ ಶಿಕ್ಷಕಿ ಕೆಲಸಕ್ಕೆ ಪಂಚಶೀಲಾಳ ಸಂದರ್ಶನವಿತ್ತು. ಅದಕ್ಕೆಂದು ಒಂದು ಹಾಳೆಯಲ್ಲಿ ತನ್ನ ಪರಿಚಯ ಇಂಗ್ಲಿಷಿನಲ್ಲಿ ಬರೆದು, ತಿದ್ದಿ ಕೊಡಿ ಎಂದು ಅವನ ಕೈಗೇ ಕೊಟ್ಟಿದ್ದಳು. ಅದರಲ್ಲಿದ್ದದ್ದೂ ಹೆಚ್ಚುಕಡಿಮೆ ಇದೇ ವಾಕ್ಯ.

"ನಮ್ಮವ್ವ ಕೂಲಿ ಮಾಡೂದು ನಿಮಗ ನಗಿ ಆಗ್ಯಾದ," ಎಂದವಳೇ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಮತ್ತೆ ಅವಳು ಕ್ಲಾಸಿನ ಕಡೆ ಸುಳಿಯಲಿಲ್ಲ. ತನ್ನೂರು ಬಳಿಚಕ್ರದ ಮನೆಯಲ್ಲಿ ಪುಸ್ತಕ ಹಿಡಿದು ಕೂತರೂ ಒಂದು ಇಂಗ್ಲಿಷ್ ಮಾತು ಹೊರಡಲೊಲ್ಲದು. ಬಾಯಿ ತೆರೆದರೆ ಆ ನಗುವೇ ಕೇಳುತ್ತಿತ್ತು. 'ಇಂಥವನನ್ನ ಹಚ್ಚಿಕೊಂಡೆನಲ್ಲ...' ಸಂದರ್ಶನಕ್ಕೆ ಹೋಗುವುದೇ ಬೇಡ ಎಂದುಕೊಂಡಳು.

ಅವ್ವ ಮಾನಮ್ಮ ಕೇಳಬೇಕಲ್ಲ!

"ನಡಿಯೋರು ಎಡವದ ಕುಂತೋರು ಎಡವ್ತಾರೇನವ? ಹೋಗಿ ಬಾ," ಎಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿಸಿಯೇ ಬಿಟ್ಟಳು.

ಯಾದಗಿರಿಯಲ್ಲಿ ಇಳಿದು ಶಹಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗೆ ಕಾಂತೇಶ. ಕೈಯಲ್ಲಿ ಅದೇ ನೋಟ್‌ಬುಕ್.

"ಮೊದಲನೇ ಹಾಳಿ ನೋಡ್ರಿ. ಆಮ್ಯಾಲೆ ಬೈರಿ."

'ಕಾಂತೇಶ, ಪಿಯುಸಿ ಮೊದಲ ವರ್ಷ, ರಾಮಸಮುದ್ರ' ಎಂದು ಬರೆದಿತ್ತು. ಅವಳು ಪುಟ ತಿರುವಿದಳು. ಎಲ್ಲವೂ ಅವನದೇ ಅಕ್ಷರ, ಮೇಲೆ ಯಾರದೋ ಕೆಂಪು ಶಾಯಿ. ನಡುವೆ ಆ ವಾಕ್ಯವೂ ಇತ್ತು.

"ನಿಮ್ಮವ್ವನೂ...?"

"ಈಗೂ ಹತ್ತಿ ಬಿಡಸಾಕ ಹೋಗ್ತಾಳ್ರಿ. ಇದರಾಗಿನ ತಪ್ಪೆಲ್ಲಾ ನಂದೇ. ಮಾಸ್ತರನೇ ಹಿಂಗ ಬರೀತಿದ್ದ ಅಂತ ಗೊತ್ತಾದ್ರ ಕಲಿಯಾಕ ಯಾರ್ ಬರ್ತಾರ ಅಂತ ಅಂಜಿ ಹೆಸರು ಮುಚ್ಚಿಟ್ಟೆ. ನೀವು ತಿದ್ದಾಕ ಕೊಟ್ಟ ಹಾಳಿ ನೀವು ಎದ್ದು ಹೋದ ಮ್ಯಾಲೇ ಓದೀನ್ರಿ... ಹತ್ತು ಸಲ ಓದೀನಿ." ಅವನ ದನಿ ತಗ್ಗಿತು. "ನೀವಿಲ್ಲದ ಕ್ಲಾಸಿನ್ಯಾಗ ನನಗ ಪಾಠಾನೇ ಬರವಲ್ದು."

ಪಂಚಶೀಲಾಳ ಕಣ್ಣು ತುಂಬಿತು. ದಿನಾ ತನ್ನನ್ನೇ ನಗೆಗೆ ಒಡ್ಡಿಕೊಂಡು ಕಲಿಸಿದವನ ಮೇಲೆ ಎಂಥ ಮಾತೆಸೆದು ಬಂದಿದ್ದಳು!

ಶಹಾಪುರದ ಬಸ್ಸು ಬಂತು. ಅವಳು ಪೆನ್ನು ತೆಗೆದು ಆ ವಾಕ್ಯದ ಕೆಳಗೆ ತನ್ನ ಹೆಸರು ಬರೆದಳು.

"ಇವತ್ತು ಅಲ್ಲಿ ಏನೇನು ತಪ್ಪಿ ಮಾತಾಡ್ತೀನಿ, ಸಂಜಿಗಿ ಬಂದು ಎಲ್ಲಾ ಇದರಾಗ ಬರೀತೀನ್ರಿ. ನಾಳಿ ಕ್ಲಾಸಿನ್ಯಾಗ ಇದೇ ವಾಕ್ಯ ಮತ್ತ ಓದ್ರಿ. ಹೆಸರು ಹೇಳಿ ಓದ್ರಿ."

"ಎರಡೂ ಹೆಸರೇನ್ರಿ?"

ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

"ಹೌದ್ರಿ. ಕೂಡಿಸಿ ಹೇಳ್ರಿ."